ಮೇಡಂ ಹೂಂ ಅಂದರು

ಜುಲೈ ೧೪

ಪ್ರೀತಿಯ ಚೂಟಿ,

ನೀನು ಹಾಸ್ಟೆಲಿಗೆ ಹೋಗಿದ್ದೇ ತಡ, ನಿಮ್ಮಪ್ಪ ನಿನ್ನ ಕೋಣೆಯನ್ನು ಆಕ್ರಮಿಸಿಕೊಂಡಿದ್ದಾರೆ. ಕ್ಲಿನಿಕ್‌ನಲ್ಲಿ ಕೆಲಸ ಜಾಸ್ತಿಯಂತೆ, ಹಲ್ಲಿನ ಸೆಟ್‌ಗಳನ್ನು ಮನೆಗೇ ತಂದು ಉಜ್ಜುತ್ತಾರೆ. ನೀನು ಕಟ್ಟಡದ ನಕ್ಷೆ ಬರೆಯುತ್ತಿದ್ದ ಮೇಜಿನ ಮೇಲೆ ಈಗ ಕಂಡವರ ಬಾಯಿಯ ಅಚ್ಚುಗಳೆಲ್ಲ ಸಾಲಾಗಿ ಕೂತಿವೆ. ಬೆಳಗ್ಗೆ ಕಿಟಕಿ ತೆಗೆಯಲು ಹೋದರೆ ಎಲ್ಲವೂ ಒಟ್ಟಿಗೆ ನನ್ನನ್ನು ನೋಡಿ ನಗುತ್ತವೆ.

ಫೋನಿನ ವಿಷಯ. ನೀನು ಮಾಡಿದಾಗಲೆಲ್ಲ ಬರೀ ಗೊರಗೊರ. ದೋಷ ನಿನ್ನ ಫೋನಿನದೋ ನನ್ನ ಫೋನಿನದೋ ಗೊತ್ತಿಲ್ಲ. ಮೆಸೇಜಿನಲ್ಲಿ ಎರಡು ಪದ ಕುಟ್ಟಿ ಹೆಬ್ಬೆರಳು ತೋರಿಸುವುದು ನನಗೆ ಒಗ್ಗುವುದಿಲ್ಲ. ಹಾಗಾಗಿ ಕಾಗದ ಬರೆಯುತ್ತೇನೆ. ನೀನೂ ಬರಿ. ನಗಬೇಡ.

ನಮ್ಮ ಕಾಲೇಜಿನಲ್ಲಿ ಈ ವರ್ಷ ಎಲ್ಲ ತಲೆಕೆಳಗು. ರಸಾಯನಶಾಸ್ತ್ರಕ್ಕೆ ಸೇರುವವರು ವರ್ಷವರ್ಷವೂ ಕಡಿಮೆಯಾಗುತ್ತಿದ್ದಾರೆ ಅಂತ ಪ್ರಿನ್ಸಿಪಾಲರು ಹೋದ ವರ್ಷದ ಮಕ್ಕಳನ್ನು ಕರೆಸಿ ಕೇಳಿದರಂತೆ. "ಮೇಷ್ಟ್ರು ಹೇಳ್ತಾರೆ, ನಾವು ಬರ್ಕೊಳ್ತೀವಿ, ಅಷ್ಟೇ. ಅದಕ್ಕೆ ಕಾಲೇಜು ಯಾಕೆ?" ಅಂದರಂತೆ. ಅದಕ್ಕೀಗ ಅರ್ಧ ಗಂಟೆ ಪಾಠ, ಅರ್ಧ ಗಂಟೆ ಚರ್ಚೆ. ಅಂಕ ಕೊಟ್ಟರೆ ಯಾಕೆ ಕೊಟ್ಟಿರಿ ಅಂತ ಎರಡು ಸಾಲು ಬರೆಯಬೇಕು. ವಿಷಯ ಹಿಡಿಸದಿದ್ದರೆ ಹುಡುಗರು ಮಧ್ಯದಲ್ಲೇ ಬೇರೆ ವಿಭಾಗಕ್ಕೆ ಹೋಗಬಹುದು. ಸಾಲದ್ದಕ್ಕೆ ಅವರು ನಮಗೂ ಅಂಕ ಕೊಡುತ್ತಾರೆ.

ಮೊದಲ ದಿನ ಪಾಠ ಶುರುಮಾಡಿ ಇನ್ನೂ ಬೋರ್ಡಿನ ಅರ್ಧ ತುಂಬಿರಲಿಲ್ಲ. ಮುಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತು, "ಮೇಡಂ, ಇದೆಲ್ಲ ನಮ್ಮ ಫೋನಲ್ಲಿದೆ. ಫೋನಲ್ಲಿ ಇಲ್ಲದ್ದು ಏನು ಹೇಳಿಕೊಡ್ತೀರಿ?" ಅಂದಳು. ಉದ್ಧಟತನವಲ್ಲ, ಅಂಗಡಿಯಲ್ಲಿ ಬಟ್ಟೆ ಬಣ್ಣ ಬಿಡುತ್ತಾ ಅಂತ ಕೇಳುವ ಹಾಗೆ. ನಮ್ಮ ಕಾಲದಲ್ಲಾಗಿದ್ದರೆ ಅವಳು ಬಾಗಿಲಾಚೆ ಇರುತ್ತಿದ್ದಳು. ನಾನು "ಕೂತ್ಕೋ, ಗೊತ್ತಾಗತ್ತೆ" ಅಂದೆ.

ನನಗೆ ಹುಡುಗರು ಇಟ್ಟಿರುವ ಹೆಸರು ಗೊತ್ತಲ್ಲ, ರೇಡಿಯೋ. ತಡವರಿಸದೆ, ಗಡಿಯಾರ ನೋಡದೆ ಪೂರ್ತಿ ಒಂದು ಗಂಟೆ ಮಾತಾಡಬಲ್ಲೆ ಅಂತ ಬಂದ ಹೆಸರು. ಅರ್ಧ ಗಂಟೆಗೆ ರೇಡಿಯೋ ಆಫ್ ಮಾಡು ಅಂದರೆ ಏನು ಮಾಡಲಿ ಹೇಳು.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ


ಜುಲೈ ೨೮

ಅಮ್ಮಾ,

ಕಾಗದ ಬಂತು. ಹಾಸ್ಟೆಲಿನ ವಾರ್ಡನ್ ಅದನ್ನ ಎರಡು ಬೆರಳಲ್ಲಿ ಹಿಡ್ಕೊಂಡು ಬಂದು, "ಮನೇಲಿ ಎಲ್ಲರೂ ಆರಾಮಿದ್ದಾರಾ?" ಅಂತ ಕೇಳಿದ್ರು. ಈಗ ಕಾಗದ ಬಂದ್ರೆ ಕೆಟ್ಟ ಸುದ್ದಿ ಅಂತಲೇ ಲೆಕ್ಕ.

ಫೋನ್ ಗೊರಗೊರ ಅನ್ನೋದು ನಿನ್ನ ಹತ್ರ ಮಾತ್ರ. ಅಪ್ಪನ ಹತ್ರ ಚೆನ್ನಾಗೇ ಕೇಳತ್ತೆ. ಇನ್ನೊಂದು ವಿಷಯ. ಈಗೀಗ ನಾನು ಯಾವಾಗ ಮಾಡಿದ್ರೂ ಅಪ್ಪನೇ ಎತ್ತಿ "ಅಮ್ಮ ಕೈ ತೊಳೀತಿದ್ದಾಳೆ" ಅಂತಾರೆ. ದಿನಕ್ಕೆ ಎಷ್ಟು ಸಲ ಕೈ ತೊಳೀತೀಯಮ್ಮಾ? ಚರ್ಮ ಉಳಿದಿದೆಯಾ?

ನಿಮ್ಮ ಮುಂದಿನ ಬೆಂಚಿನವಳು ಕೇಳಿದ್ದು ನನಗೆ ಸರಿ ಅನ್ನಿಸ್ತು. ಕೋಪ ಮಾಡ್ಕೋಬೇಡ. ನೀವು ಓದುವಾಗ ವಿಷಯ ಮೇಷ್ಟ್ರ ತಲೇಲಿ ಮಾತ್ರ ಇತ್ತು, ಅದಕ್ಕೆ ಅವರು ಬಾಯಿ ಬಿಡೋವರೆಗೂ ಕಾದ್ರಿ. ನಮಗೆ ವಿಷಯ ಎಲ್ಲೆಲ್ಲೂ ಇದೆ. ನಮಗೆ ಬೇಕಿರೋದು ನಾವು ಎಲ್ಲಿ ತಪ್ಪಿದ್ವಿ ಅಂತ ನೋಡಿ ಹೇಳೋರು. ಅಂದ್ರೆ ನಮ್ಮ ಮಾತು ಕೇಳೋರು.

ಇಲ್ಲೂ ಅದೇ ಜಗಳ. ನಮ್ಮ ಡಿಸೈನ್ ಮೇಷ್ಟ್ರೊಬ್ರು ಇದ್ದಾರೆ, ನಾವು ಮಾಡಿದ ಕಟ್ಟಡದ ರಟ್ಟಿನ ಮಾದರಿ ಹಿಡಿಸದಿದ್ರೆ ಮೇಜಿನ ಮೇಲೇ ಮುರಿದು ಹಾಕ್ತಾರೆ. ಯಾಕೆ ಅಂತ ಹೇಳಲ್ಲ. ಮೂರು ವಾರದ ಕೆಲಸ, ಒಂದು ಕೈಯೇಟು. ಸೀನಿಯರ್‌ಗಳು "ನಮ್ಮದೂ ಮುರಿದಿದ್ರು, ಅದೇ ಪಾಠ" ಅಂತಾರೆ. ನಮ್ಮ ಕ್ಲಾಸು ಒಪ್ಪಲಿಲ್ಲ. ನನ್ನನ್ನ ಪ್ರತಿನಿಧಿ ಮಾಡಿದ್ದಾರೆ, ದೂರು ಬರೆಯೋ ಕೆಲಸ ನನ್ನದೇ. ನಿನ್ನ ಮಗಳಲ್ವಾ, ಬರೆಯೋಕೆ ಕೂತ್ರೆ ನಿಲ್ಸೋದು ಕಷ್ಟ.

ಅಪ್ಪನಿಗೆ ಹೇಳು, ಮೇಜಿನ ಎಡಗಡೆ ಡ್ರಾಯರ್ ಮುಟ್ಟಬಾರದು.

ಚೂಟಿ


ಆಗಸ್ಟ್ ೧೯

ಪ್ರೀತಿಯ ಚೂಟಿ,

ದೂರು ಬರೆಯುವ ಮುಂಚೆ ಅವರು ಯಾಕೆ ಹಾಗೆ ಅಂತ ವಿಚಾರಿಸು. ಅಷ್ಟೇ ಹೇಳುತ್ತೇನೆ.

ಚರ್ಚೆಯ ಅರ್ಧ ಗಂಟೆ ನನಗೆ ಹಿಂಸೆಯಾಗಿದೆ. ಬೆಂಚುಗಳನ್ನು ಗೋಡೆಗೆ ಸರಿಸಿ ಗುಂಡಗೆ ಕೂರುತ್ತಾರೆ. ಒಬ್ಬಳು ಆ ಕಡೆಯಿಂದ, ಒಬ್ಬ ಈ ಕಡೆಯಿಂದ, ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು. ಕೆಲವರು ತಲೆ ಬಗ್ಗಿಸಿಕೊಂಡು ಪುಸ್ತಕದೊಳಗೇ ಮಾತಾಡುತ್ತಾರೆ. ಇದು ಚರ್ಚೆಯಲ್ಲ, ಗಲಾಟೆ. ಮೊನ್ನೆ ಒಬ್ಬ ಹುಡುಗ ಏನೋ ಕೇಳಿದ, ನಾನು ಉತ್ತರ ಹೇಳಿದೆ. ಎಲ್ಲರೂ ನಕ್ಕರು. ಯಾಕೆ ಅಂತ ಗೊತ್ತಾಗಲಿಲ್ಲ. ನಾನೂ ನಕ್ಕು ಮುಂದೆ ಹೋದೆ.

ಇನ್ನೊಂದಾಯಿತು. ಕನ್ನಡಕದ ಹುಡುಗಿಯೊಬ್ಬಳಿದ್ದಾಳೆ, ಓದಿನಲ್ಲಿ ಎಲ್ಲರಿಗಿಂತ ಮುಂದೆ. ಈ ಬ್ಯಾಚಿನಲ್ಲಿ ಉತ್ತರಪತ್ರಿಕೆ ಓದಿ ಖುಷಿಯಾಗುವುದು ಅವಳದ್ದು ಮಾತ್ರ. ಮಾತು ತೊದಲುತ್ತದೆ. ಅವಳು ಸ್ಟಾಫ್ ರೂಮಿಗೆ ಬಂದು ಒಂದು ಚೀಟಿ ಕೊಟ್ಟಳು. "ನನಗೆ ಮಾತಾಡೋದು ಕಷ್ಟ. ಚರ್ಚೆಯಲ್ಲಿ ನಾನು ಪ್ರಶ್ನೆಗಳನ್ನು ಬರೆದು ಕೊಡುತ್ತೇನೆ, ನೀವು ಓದಿ ಉತ್ತರಿಸಬೇಕು. ಇದು ನನಗೆ ಬೇಕಾಗಿದೆ." ದಯವಿಟ್ಟು ಅಂತ ಇಲ್ಲ. ಸಾಧ್ಯವಾದರೆ ಅಂತಲೂ ಇಲ್ಲ.

ನಾನು ಆಗಲ್ಲ ಅಂದೆ. ಇವತ್ತು ಚೀಟಿ ಕೊಟ್ಟರೆ ನಾಳೆ ಕೆಲಸದ ಜಾಗದಲ್ಲಿ ಯಾರು ಓದುತ್ತಾರೆ? "ಬಾಯಿಬಿಟ್ಟು ಕೇಳೋದನ್ನ ಕಲಿ, ನಿನಗೇ ಒಳ್ಳೇದು" ಅಂದೆ. ಅವಳು ನನ್ನ ಮುಖವನ್ನೇ ನೋಡಿ, ಚೀಟಿ ವಾಪಸ್ ತೆಗೆದುಕೊಂಡು ಹೋದಳು.

ಪ್ರತಿಯೊಬ್ಬರಿಗೂ ಒಂದೊಂದು ತೊಂದರೆ ಇರುತ್ತದೆ ಚೂಟಿ. ನಾವು ಅದನ್ನು ಹಣೆಗೆ ಅಂಟಿಸಿಕೊಂಡು ತಿರುಗಲಿಲ್ಲ. ಹೇಗೋ ನಿಭಾಯಿಸಿದೆವು. ಇವರಿಗೆ ಎಲ್ಲವೂ ಮೊದಲೇ ಸಿದ್ಧವಾಗಿರಬೇಕು.

ನೀನು ಕೂದಲು ಕತ್ತರಿಸಿಕೊಂಡ ಫೋಟೋ ಅಪ್ಪ ತೋರಿಸಿದರು. ನನ್ನನ್ನು ಒಂದು ಮಾತು ಕೇಳಬಹುದಿತ್ತು.

ಅಮ್ಮ


ಆಗಸ್ಟ್ ೨೬

ಅಮ್ಮಾ,

ಕೂದಲಿನ ಬಗ್ಗೆ ಕೇಳಿದ್ದೆ. ಹೊರಡೋ ಹಿಂದಿನ ದಿನ, ನೀನು ಬಟ್ಟೆ ಮಡಚ್ತಿದ್ದೆ. "ಗಿಡ್ಡ ಮಾಡಿಸ್ಲಾ?" ಅಂದೆ, ನೀನು "ಹೂಂ" ಅಂದೆ. ಈಗ ಹೀಗಂತೀಯ.

ಆ ಹುಡುಗಿಗೆ ಆಗಲ್ಲ ಅಂದಿದ್ದು ನನಗೆ ತುಂಬಾ ಬೇಜಾರಾಯ್ತು. ನಮ್ಮ ಕ್ಲಾಸಲ್ಲಿ ಒಬ್ಬನಿಗೆ ಕೈ ನಡುಗತ್ತೆ, ಗೆರೆ ನೇರ ಬರಲ್ಲ. ಅವನು ಮೊದಲ ವಾರವೇ ಹೋಗಿ "ನಾನು ಕಂಪ್ಯೂಟರಲ್ಲೇ ಬರೀತೀನಿ" ಅಂದ. ಸರಿ ಅಂದ್ರು. ಕಾಲೇಜಿನ ಛಾವಣಿ ಕುಸಿದು ಬೀಳಲಿಲ್ಲ. ಈಗ ಅವನ ನಕ್ಷೆ ನೋಡಿ ನಾವೆಲ್ಲ ಕಲೀತೀವಿ.

"ನಿಭಾಯಿಸಿದೆವು" ಅಂತೀಯಲ್ಲ, ನಿಭಾಯಿಸಿದವರು ಮಾತ್ರ ಹಾಗೆ ಹೇಳೋಕೆ ಉಳ್ಕೊಂಡಿರ್ತಾರೆ. ನಿಭಾಯಿಸೋಕಾಗದೆ ಬಿಟ್ಟು ಹೋದವರು ನಿಮ್ಮ ಸ್ಟಾಫ್ ರೂಮಲ್ಲಿ ಇಲ್ಲ.

ಜಾಸ್ತಿ ಬರೆದ್ರೆ ಜಗಳ ಆಗತ್ತೆ. ನಿಲ್ಲಿಸ್ತೀನಿ.

ಚೂಟಿ


ಸೆಪ್ಟೆಂಬರ್ ೩೦

ಚೂಟಿ,

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ, ಆಮೇಲೆ ಇದ್ದದ್ದನ್ನು ಬರೆಯಲು ಮನಸ್ಸಾಗಲಿಲ್ಲ.

ಹೋದ ವಾರ ಲ್ಯಾಬಿನಲ್ಲಿ ಒಂದು ಅವಘಡವಾಯಿತು. ನಿನಗೆ ಬೇರೆ ಯಾರಿಂದಾದರೂ ತಿಳಿಯುವುದಕ್ಕಿಂತ ನಾನೇ ಹೇಳುತ್ತೇನೆ.

ಗಂಧಕಾಮ್ಲವನ್ನು ತೆಳು ಮಾಡುವ ಪ್ರಯೋಗ. ನೀರಿಗೆ ಆಸಿಡ್ ಹಾಕಬೇಕು, ಸ್ವಲ್ಪಸ್ವಲ್ಪವೇ. ಆಸಿಡ್‌ಗೆ ನೀರು ಹಾಕಬಾರದು, ಕುದಿದು ಸಿಡಿಯುತ್ತದೆ. ಶುರುವಿನಲ್ಲೇ ಹೇಳಿದ್ದೆ, ಬೋರ್ಡಿನ ಮೇಲೂ ಬರೆದಿದ್ದೆ. ನಾನು ಆಚೆ ತುದಿಯ ಮೇಜಿನಲ್ಲಿ ಒಬ್ಬನ ಬ್ಯೂರೆಟ್ ಕೊಳವೆ ಸೋರುತ್ತಿತ್ತು ಅಂತ ಬಗ್ಗಿ ನೋಡುತ್ತಿದ್ದೆ. ಹಿಂದೆ ಏನೋ ಗದ್ದಲ ಅನ್ನಿಸಿ ತಿರುಗುವಷ್ಟರಲ್ಲಿ ಒಬ್ಬಳ ಮಣಿಕಟ್ಟಿನ ಮೇಲೆ ಆಸಿಡ್ ಸಿಡಿದಿತ್ತು. ಮೊದಲ ದಿನ ನನ್ನನ್ನು ಫೋನಿನ ಪ್ರಶ್ನೆ ಕೇಳಿದವಳೇ. ಕನ್ನಡಕದ ಹುಡುಗಿ ಅವಳನ್ನು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಕೈ ಹಿಡಿಸಿದ್ದಳು. ಕಣ್ಣಿಗೆ ಬೀಳಲಿಲ್ಲ, ಅದು ಪುಣ್ಯ. ಕೈಯಲ್ಲಿ ಬೊಬ್ಬೆ ಎದ್ದಿದೆ. ಕಲೆ ಉಳಿಯಬಹುದು ಅಂದರಂತೆ ಡಾಕ್ಟರು.

ಮಾರನೆಯ ದಿನ ಇಡೀ ಕ್ಲಾಸು ಸಹಿ ಹಾಕಿ ಪ್ರಿನ್ಸಿಪಾಲರಿಗೆ ದೂರು ಕೊಟ್ಟಿದೆ. ಅದರಲ್ಲಿರುವುದು ಹೀಗೆ. ಮೇಡಂ ನಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ. ಕೇಳಿದ್ದೊಂದು, ಹೇಳುವುದೊಂದು. ಮತ್ತೆ ಕೇಳಿದರೆ ಸಿಡುಕುತ್ತಾರೆ. ಆ ದಿನ ಈ ಹುಡುಗಿ ಮೇಡಂ ಹತ್ತಿರವೇ ಹೋಗಿ "ಇದಕ್ಕೇ ನೀರು ಹಾಕಲಾ?" ಅಂತ ಕೇಳಿದಳು. ಮೇಡಂ ಹೂಂ ಅಂದರು. ಬಿಸಿಯಾದಾಗ "ಮೇಡಂ, ಮೇಡಂ" ಅಂತ ಕೂಗಿದಳು. ಮೇಡಂ ತಿರುಗಲಿಲ್ಲ.

ಅಂದಿರಬಹುದು. ನನಗೆ ನೆನಪಿಲ್ಲ. ಮಕ್ಕಳು ಸುಳ್ಳು ಹೇಳುವವರಲ್ಲ.

ಪ್ರಿನ್ಸಿಪಾಲರು ವಿವರಣೆ ಕೇಳಿದ್ದಾರೆ. ಗಮನ ಬೇರೆ ಕಡೆ ಇತ್ತು, ನನ್ನ ನಿರ್ಲಕ್ಷ್ಯ ಅಂತ ಬರೆದುಕೊಟ್ಟುಬಿಡುತ್ತೇನೆ. ಅದರಿಂದ ಏನಾಗುತ್ತದೋ ಆಗಲಿ. ನೀನು ತಲೆಕೆಡಿಸಿಕೊಳ್ಳಬೇಡ. ಪರೀಕ್ಷೆ ಹತ್ತಿರ ಬಂತು.

ಅಮ್ಮ


ಅಕ್ಟೋಬರ್ ೬

ಅಮ್ಮಾ,

ಕಾಗದ ಓದಿ ಮುಗಿಸಿ ಮೆಟ್ಟಿಲ ಮೇಲೇ ಕೂತ್ಬಿಟ್ಟೆ. ಯಾರೋ ದಾಟ್ಕೊಂಡು ಹೋದ್ರು, ಯಾರು ಅಂತಲೂ ನೋಡಲಿಲ್ಲ.

ಅಮ್ಮಾ, ನಿನಗೆ ಕಿವಿ ಕೇಳಿಸಲ್ಲ.

ಬರೆದ ಮೇಲೆ ಎಷ್ಟು ಸುಲಭ ಅನ್ನಿಸ್ತಿದೆ. ನಾನು ಇಷ್ಟು ದಡ್ಡಿ ಹೇಗಾದೆ? ಫೋನ್ ಗೊರಗೊರ ಅಂತೀಯ. ಬಾಗಿಲ ಬೆಲ್ ಆದ್ರೆ ಮೊದಲು ಅಪ್ಪ ಏಳ್ತಾರೆ, ನೀನು ಅವರನ್ನ ನೋಡಿ ಏಳ್ತೀಯ. ಮದುವೆ ಮನೇಲಿ ಯಾರಾದ್ರೂ ಮಾತಾಡಿಸಿದ್ರೆ ಅಪ್ಪ ಪಕ್ಕದಲ್ಲಿ ನಿಂತು ಅವರ ಮಾತಿನ ಕೊನೇದನ್ನ ಮತ್ತೆ ಹೇಳ್ತಾರೆ, "ಓ, ಮಗಳು ಯಾವ ಕಾಲೇಜು ಅಂತಲಾ?" ಅಂತ. ನಾನು ಅದನ್ನ ಅಪ್ಪನ ಚಾಳಿ ಅಂದ್ಕೊಂಡು ಆಡ್ಕೊಳ್ತಿದ್ದೆ. ಟೀವೀಲಿ ಕೆಳಗೆ ಅಕ್ಷರ ಬರೋ ಕಾರ್ಯಕ್ರಮಾನೇ ನೋಡ್ತೀಯ. ಮತ್ತೆ ಆ ಹೂಂ. ನನ್ನ ಎಷ್ಟು ಪ್ರಶ್ನೆಗೆ ಹೂಂ ಅಂದಿದ್ದೀಯೋ! ಕೂದಲು. ಪ್ರವಾಸ. ಒಂದು ಸಲ "ನಿನಗೆ ನನ್ನ ಮೇಲೆ ಬೇಜಾರಾ?" ಅಂತ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದ್ದೆ. ಅದಕ್ಕೂ ಹೂಂ ಅಂದೆ. ಆ ವಾರವೆಲ್ಲ ನಾನು ಅತ್ತಿದ್ದೆ.

ರೇಡಿಯೋ ಅನ್ನೋ ಹೆಸರು ಹೊಗಳಿಕೆ ಅಂತ ನೀನು ಅಂದ್ಕೊಂಡಿದ್ದೀಯ. ಅಮ್ಮಾ, ರೇಡಿಯೋ ಬರೀ ಮಾತಾಡತ್ತೆ.

ನಿರ್ಲಕ್ಷ್ಯ ಅಂತ ಬರೆದುಕೊಡಬೇಡ. ಅದು ಸುಳ್ಳು. ನಿನಗೆ ಕಿವಿ ಕೇಳಿಸಲ್ಲ ಅನ್ನೋದಕ್ಕಿಂತ ನೀನು ಸೊಕ್ಕಿನವಳು ಅಂತ ಆ ಮಕ್ಕಳು ನಂಬೋದು ನಿನಗೆ ವಾಸಿಯಾ?

ಒಂದು ಮಾತು ಮುಚ್ಚಿಡಲ್ಲ. ನಾನು ನಿನ್ನ ಕ್ಲಾಸಲ್ಲಿ ಇದ್ದಿದ್ರೆ ಆ ದೂರಿಗೆ ಮೊದಲ ಸಹಿ ನನ್ನದೇ ಇರ್ತಿತ್ತು. ಅವರು ಬರೆದಿರೋದ್ರಲ್ಲಿ ತಪ್ಪು ಒಂದೂ ಇಲ್ಲ. ಅವರಿಗೆ ಗೊತ್ತಿಲ್ಲದ್ದು ಒಂದಿದೆ, ಅಷ್ಟೇ.

ನಿನ್ನ
ಚೂಟಿ


ಅಕ್ಟೋಬರ್ ೧೧

ಚೂಟಿ ಮಗಳೇ,

ನಾನು ಅಪ್ಪ. ಕಾಗದ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ತಿದ್ದಿಕೋ.

ನಿನ್ನ ಕಾಗದವನ್ನು ಅಮ್ಮ ಓದಿ ಮಡಚಿಟ್ಟಳು. ನನ್ನನ್ನು ನೋಡಿ, "ನೀವು ಹೇಳಿದ್ರಾ?" ಅಂತ ಕೇಳಿದಳು. ಇಲ್ಲ ಅಂದೆ. "ಹಾಗಾದ್ರೆ ಕಂಡುಹಿಡಿದಳು" ಅಂದಳು.  ಪ್ರಿನ್ಸಿಪಾಲರಿಗೆ ಬರೆದಿಟ್ಟಿದ್ದನ್ನು ಇನ್ನೂ ಕೊಟ್ಟಿಲ್ಲ.

ಇದು ಕೆಲವು ವರ್ಷಗಳ ಹಿಂದೆ ಶುರುವಾಯಿತು. ಮೊದಲು ಹೋದದ್ದು ಸಣ್ಣ ದನಿಗಳು. ಗಂಡಸರು ಮಾತಾಡಿದರೆ ಗೊತ್ತಾಗುತ್ತಿತ್ತು, ಹೆಣ್ಣುಮಕ್ಕಳದು ಗೊತ್ತಾಗುತ್ತಿರಲಿಲ್ಲ. ಆಗ ಕ್ಲಾಸಿನಲ್ಲಿ ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲವಲ್ಲ, ಅವಳಿಗೆ ತೊಂದರೆಯೂ ಆಗಲಿಲ್ಲ. ಇವಳು ಹೇಳುವವಳು, ಅವರು ಬರೆದುಕೊಳ್ಳುವವರು. ಈಗಿನ ಮಕ್ಕಳು ಬಾಯಿ ಬಿಟ್ಟರು, ಇವಳ ಗುಟ್ಟು ಹೊರಬಿತ್ತು.

ಕಿವಿಗೆ ಹಾಕುವ ಮಷೀನು ಇದೆ. ಮನೆಯಲ್ಲಿ ಹಾಕುತ್ತಾಳೆ, ನೀನು ಮನೆಯಲ್ಲಿದ್ದಾಗ ತೆಗೆದಿಡುತ್ತಿದ್ದಳು. ಕ್ಲಾಸಿಗೆ ಒಂದು ದಿನ ಕೂದಲಿನಡಿ ಹಾಕಿಕೊಂಡು ಹೋಗಿದ್ದಳು. ಬೆಂಚು ಎಳೆಯುವುದು, ಫ್ಯಾನು, ಹೊರಗಿನ ಮೋಟರ್ ಬೈಕು, ಎಲ್ಲ ಒಟ್ಟಿಗೆ ತಲೆಯೊಳಗೆ ನುಗ್ಗಿ, ಮಕ್ಕಳ ಮಾತು ಮಾತ್ರ ಅದರಡಿ ಹೂತುಹೋಯಿತಂತೆ. ಮಧ್ಯಾಹ್ನವೇ ತೆಗೆದು ಪರ್ಸಿಗೆ ಹಾಕಿಕೊಂಡು ಬಂದಳು.

ನಾನು ಮಾಡಿದ್ದೂ ಸರಿಯಲ್ಲವೇನೋ. ಮುಚ್ಚಿಡಲು ಸಹಾಯ ಮಾಡುವುದೇ ಪ್ರೀತಿ ಅಂದುಕೊಂಡಿದ್ದೆ. ನನ್ನ ಕೆಲಸವೂ ಅದೇ ನೋಡು, ಯಾರಿಗೂ ಗೊತ್ತಾಗದ ಹಾಗೆ ಕಟ್ಟಿಸಿದ ಹಲ್ಲು ಕೂರಿಸುವುದು. ಆದರೆ ಹಲ್ಲಿನ ಸೆಟ್ ಕಟ್ಟಿಸಿಕೊಂಡವರಿಂದ ಇನ್ನೊಬ್ಬರ ಕೈ ಸುಡುವುದಿಲ್ಲ.

ಈಗ ಅವಳನ್ನು ಒತ್ತಾಯ ಮಾಡಬೇಡ. ಎಡಗಡೆ ಡ್ರಾಯರ್ ನಾನು ಮುಟ್ಟಿಲ್ಲ.

ಇಂತಿ
ನಿನ್ನ ಅಪ್ಪ


ಅಕ್ಟೋಬರ್ ೨೭

ಪ್ರೀತಿಯ ಚೂಟಿ,

ನೀನು ಅಡುಗೆಮನೆ ಬಾಗಿಲಲ್ಲಿ ಏನು ಕೇಳಿದ್ದೆ ಅಂತ ಈಗ ಗೊತ್ತಾಯಿತು. ಇಲ್ಲ. ಆಗಲೂ ಇರಲಿಲ್ಲ, ಈಗಲೂ ಇಲ್ಲ. ಇದನ್ನು ಮೊದಲು ಬರೆದು ಮುಂದಿನದಕ್ಕೆ ಹೋಗುತ್ತೇನೆ.

ಪ್ರಿನ್ಸಿಪಾಲರ ಹತ್ತಿರ ಹೋಗುವ ಮೊದಲು ಕ್ಲಾಸಿಗೆ ಹೋದೆ. ಅವರು ಸಹಿ ಹಾಕಿದವರು, ಅವರಿಗೇ ಮೊದಲು ಗೊತ್ತಾಗಬೇಕು ಅನ್ನಿಸಿತು. ಮಷೀನು ಹಾಕಿಕೊಂಡು, ಕೂದಲನ್ನು ಹಿಂದಕ್ಕೆ ಕಟ್ಟಿಕೊಂಡಿದ್ದೆ. ಬಾಗಿಲು ದಾಟುವಾಗ ನನ್ನ ಚಪ್ಪಲಿ ಸದ್ದೇ ನನಗೆ ಜೋರಾಗಿತ್ತು.

ಪಾಠದ ಹಾಗೆಯೇ ಹೇಳಿದೆ. "ನನಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಕೆಲವು ವರ್ಷವಾಯಿತು. ಮುಖ ಕಂಡರೆ, ಒಬ್ಬರೇ ಮಾತಾಡಿದರೆ ತಿಳಿಯುತ್ತದೆ. ಗದ್ದಲದಲ್ಲಿ ತಿಳಿಯುವುದಿಲ್ಲ. ತಿಳಿಯದಿದ್ದಾಗ ಹೂಂ ಅನ್ನುವುದು ಅಭ್ಯಾಸವಾಗಿಬಿಟ್ಟಿದೆ. ಅವತ್ತು ಲ್ಯಾಬಿನಲ್ಲಿ ಆದದ್ದು ಅದು."

 ಮಷೀನು ಇದ್ದದ್ದರಿಂದ ತಲೆಯ ಮೇಲಿನ ಫ್ಯಾನಿನ ಸದ್ದು ಜೋರಾಗಿ ಕೇಳಿಸಿತು. ಅಯ್ಯೋ ಪಾಪ ಅನ್ನುತ್ತಾರೆ, ದೂರು ವಾಪಸ್ ತೆಗೆದುಕೊಳ್ಳುತ್ತಾರೆ ಅಂತ ಮನಸ್ಸಿನ ಯಾವುದೋ ಮೂಲೆಯಲ್ಲಿ ನಾನು ಕಾಯುತ್ತಿದ್ದೆ ಅಂತ ಕಾಣುತ್ತದೆ.

ಕೈ ಸುಟ್ಟವಳು ಎದ್ದು ನಿಂತಳು. ಬ್ಯಾಂಡೇಜು ಬಿಚ್ಚಿದ್ದರು, ಮಣಿಕಟ್ಟಿನ ಚರ್ಮ ಇನ್ನೂ ಕೆಂಪಾಗಿತ್ತು. ನನ್ನ ಕಡೆ ನೇರವಾಗಿ ಮುಖ ಮಾಡಿ, ನಿಧಾನವಾಗಿ ಹೇಳಿದಳು.

"ಇದನ್ನ ಮೊದಲ ದಿನವೇ ಹೇಳಬೇಕಿತ್ತು ಮೇಡಂ."

"ಹೌದು" ಅಂದೆ.

"ನಿಮಗೆ ಕೇಳಿಸದೆ ಇರೋದು ನಮಗೆ ತೊಂದರೆ ಇಲ್ಲ. ನೀವು ಹೇಳದೆ ಇದ್ದದ್ದು ತೊಂದರೆ. ನಾನು ನಿಮ್ಮನ್ನ ನಂಬಿ ನೀರು ಹಾಕಿದೆ."

"ಹೌದು."

"ದೂರು ನಾವು ವಾಪಸ್ ತಗೊಳ್ಳಲ್ಲ. ಆದ್ರೆ ಕಾರಣ ತಿದ್ದಿ ಬರೀತೀವಿ."

ಆಮೇಲೆ ಅವರವರೇ ಮಾತಾಡಿಕೊಂಡು ಏನೇನು ಬೇಕು ಅಂತ ಪಟ್ಟಿ ಶುರುಮಾಡಿದರು ನೋಡು, ಮನೆ ಕಟ್ಟಿಸುವವರ ಹಾಗೆ. ಲ್ಯಾಬಿನಲ್ಲಿ ಇನ್ನೊಬ್ಬರು ಇರಬೇಕು. ಪ್ರತಿ ಮೇಜಿಗೂ ಒಂದು ಕೆಂಪು ದೀಪ, ತೊಂದರೆಯಾದರೆ ಒತ್ತಬೇಕು. ಚರ್ಚೆಯಲ್ಲಿ ಒಬ್ಬರಾದ ಮೇಲೆ ಒಬ್ಬರು, ಎದ್ದು ನಿಂತು, ಮುಖ ತೋರಿಸಿ. ಗದ್ದಲವಾದರೆ ಪ್ರಶ್ನೆಗಳನ್ನು ಬರೆದು ಕೊಡುವುದು. ಯಾರಿಗೂ ಕರುಣೆ ಇರಲಿಲ್ಲ ಚೂಟಿ, ಸಿಟ್ಟೂ ಇರಲಿಲ್ಲ. ನಾನು ಇಷ್ಟು ವರ್ಷ ಒಬ್ಬಳೇ ಹೊತ್ತುಕೊಂಡು ತಿರುಗಿದ್ದನ್ನು ಮುರಿದ ಕಿಟಕಿ ರಿಪೇರಿ ಮಾಡಿಸುವ ವಿಷಯದ ಹಾಗೆ ಮಾತಾಡಿ ಮುಗಿಸಿದರು. ನನಗೆ ಸಮಾಧಾನವೂ ಆಯಿತು, ಸ್ವಲ್ಪ ಅವಮಾನವೂ ಆಯಿತು.

ಬರೆದು ಕೊಡುವುದು ಅಂದಾಗ ನಾನು ಕನ್ನಡಕದ ಹುಡುಗಿ ಕೂರುವ ಜಾಗ ನೋಡಿದೆ. ಖಾಲಿ ಇತ್ತು. "ಅವಳು ಬಿಟ್ಟಳಲ್ಲ ಮೇಡಂ, ಹೋದ ವಾರ. ಸಂಖ್ಯಾಶಾಸ್ತ್ರಕ್ಕೆ ಹೋದಳು" ಅಂದ ಪಕ್ಕದವನು.

ಪ್ರಿನ್ಸಿಪಾಲರು ಎಲ್ಲ ಕೇಳಿಕೊಂಡರು. "ಮೊದಲೇ ಹೇಳಿದ್ರೆ ನಾವೇ ಏನಾದ್ರೂ ಮಾಡ್ತಿದ್ವಲ್ಲ ಮೇಡಂ" ಅಂದರು. ಮಾಡುತ್ತಿದ್ದರೋ ಇಲ್ಲವೋ ದೇವರೇ ಬಲ್ಲ. ಈ ವರ್ಷ ಪೂರ್ತಿ ಲ್ಯಾಬು ನನ್ನ ಕೈಯಿಂದ ತೆಗೆದಿದ್ದಾರೆ. ಪಾಠ ಉಳಿದಿದೆ. ನನಗೆ ಲ್ಯಾಬು ಅಂದರೆ ಏನು ಅಂತ ನಿನಗೆ ಗೊತ್ತು. ಆ ವಾಸನೆ ಸೀರೆಗೆ ಅಂಟಿಕೊಂಡು ಬರುತ್ತಿತ್ತು, ನೀನು ಚಿಕ್ಕವಳಿದ್ದಾಗ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಆದರೂ ಅವರು ಮಾಡಿದ್ದು ಸರಿ.

ಪರೀಕ್ಷೆ ಹೇಗಾಯಿತು ಬರಿ.

ಅಮ್ಮ


ನವೆಂಬರ್ ೯

ಅಮ್ಮಾ,

ನಿನ್ನ ಕಾಗದವನ್ನ ಮೂರು ಸಲ ಓದಿದೆ. "ಇಲ್ಲ" ಅನ್ನೋ ಸಾಲನ್ನ ಇನ್ನೂ ಜಾಸ್ತಿ ಸಲ.

ಪರೀಕ್ಷೆ ಪರವಾಗಿಲ್ಲ. ನಮ್ಮ ಮಾದರಿ ಮುರಿಯೋ ಮೇಷ್ಟ್ರ ಕಥೆ ಕೇಳು. ದೂರು ಬರೆದಿಟ್ಟಿದ್ದೆ, ಎಲ್ಲರ ಸಹಿಯೂ ಆಗಿತ್ತು. ಕೊಡೋಕೆ ಹೋಗುವಾಗ ನಿನ್ನ ನೆನಪಾಯ್ತು. ಮೊದಲು ವಿಚಾರಿಸು ಅಂದಿದ್ದೆಯಲ್ಲ. ಇವರಿಗೂ ಏನಾದ್ರೂ ಇರಬಹುದು, ಕಣ್ಣೋ ಕೈಯೋ ಮನೆಯ ಕಷ್ಟವೋ ಅಂತ ಅವರ ಕೋಣೆಗೆ ಹೋಗಿ, ತುಂಬಾ ಮೆತ್ತಗೆ, "ಸರ್, ನಿಮಗೇನಾದ್ರೂ ತೊಂದರೆ ಇದೆಯಾ? ನಾವು ಅರ್ಥ ಮಾಡ್ಕೊಳ್ತೀವಿ" ಅಂದೆ.

"ಇದೆ" ಅಂದ್ರು. "ನೀವು."

ವಾಪಸ್ ಬಂದು ದೂರು ಕೊಟ್ಟುಬಿಟ್ಟೆ. ಎಲ್ಲರ ಒಳಗೂ ಏನೋ ಇರಲ್ಲಮ್ಮಾ, ಕೆಲವರದ್ದು ಬರೀ ಕೋಪ. ಈಗ ಕಾಲೇಜು ಮುರಿಯೋದನ್ನ ನಿಲ್ಲಿಸಿದೆ, ಯಾಕೆ ಹಿಡಿಸಲಿಲ್ಲ ಅಂತ ಬರೆದು ಕೊಡಬೇಕು ಅಂದಿದೆ. ನನ್ನ ಮಾದರಿಗೆ ಅವರು ಒಂದು ಪುಟ ಬರೆದ್ರು. ಕೆಟ್ಟ ಅಕ್ಷರ, ಕೆಟ್ಟ ಸಿಟ್ಟು. ಆದ್ರೆ ಅದ್ರಲ್ಲಿ ಒಂದು ಮಾತಿತ್ತು. ನಾನು ಮೆಟ್ಟಿಲನ್ನ ಯಾವಾಗಲೂ ಆರೋಗ್ಯವಂತರಿಗೆ ಅಂತಲೇ ಬರೀತೀನಂತೆ. ಸರಿ ಇದೆ. ಎರಡು ದಿನ ಅದನ್ನೇ ಯೋಚಿಸ್ತಿದ್ದೆ.

ಕನ್ನಡಕದ ಹುಡುಗಿಯನ್ನ ನೋಡಿದೆಯಾ? ಕೇಳಬಾರದು ಅಂದ್ಕೊಂಡಿದ್ದೆ, ಕೇಳಿಬಿಟ್ಟೆ.

ರಜಕ್ಕೆ ಬರ್ತೀನಿ. ನಾನು ಬಂದಾಗ ಮಷೀನು ತೆಗೆದಿಡಬೇಡ. ನನ್ನ ದನಿ ಸಣ್ಣದು ಅಂತ ಅಪ್ಪ ಹೇಳಿದ್ರು, ಎದುರಿಗೆ ಕೂತು ಮಾತಾಡ್ತೀನಿ.

ನಿನ್ನ
ಚೂಟಿ


ಡಿಸೆಂಬರ್ ೧೨

ಪ್ರೀತಿಯ ಚೂಟಿ,

ನಿನ್ನ ಕೋಣೆ ಖಾಲಿ ಮಾಡಿಸಿದ್ದೇನೆ. ಹಲ್ಲುಗಳೆಲ್ಲ ಈಗ ಊಟದ ಮೇಜಿಗೆ ಬಂದಿವೆ. ನೀನು ಬಂದ ಮೇಲೆ ನೀನೇ ತೀರ್ಮಾನ ಮಾಡು.

ಕ್ಲಾಸು ನಡೆಯುತ್ತಿದೆ. ಪ್ರಶ್ನೆಗಳು ಚೀಟಿಯಲ್ಲಿ ಬರುತ್ತವೆ, ಕೆಲವು ಬಾಯಲ್ಲೂ ಬರುತ್ತವೆ. ಇಷ್ಟು ವರ್ಷ ನಾನು ಮಕ್ಕಳು ಏನು ಕೇಳಬಹುದು ಅಂತ ಊಹೆ ಮಾಡಿ ಅದಕ್ಕೆ ಉತ್ತರ ಹೇಳುತ್ತಿದ್ದೆ. ಅವರು ಕೇಳುವುದು ಅದಲ್ಲವೇ ಅಲ್ಲ. ಮೊನ್ನೆ ಒಬ್ಬ ಬರೆದಿದ್ದ: "ಅಣುಗಳನ್ನು ಯಾರೂ ನೋಡದೆ ಇದ್ದಾಗ ಇವೆ ಅಂತ ಮೊದಲು ನಂಬಿದವರಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತು?" ನನಗೆ ಗೊತ್ತಿಲ್ಲ ಅಂದೆ. ಹುಡುಕಿಕೊಂಡು ಬರುತ್ತೇನೆ ಅಂದೆ. ಕ್ಲಾಸಿನಲ್ಲಿ ಈ ಎರಡು ಮಾತು ನಾನು ಹಿಂದೆ ಆಡಿದ ನೆನಪಿಲ್ಲ. ಎಲ್ಲ ಸುಖವಾಗಿದೆ ಅಂತ ತಿಳಿಯಬೇಡ. ಹೋದ ತಿಂಗಳು ಅವರು ನನಗೆ ಕೊಟ್ಟ ಅಂಕ ಕಡಿಮೆಯೇ ಇದೆ. ಕಾರಣವನ್ನೂ ಬರೆದಿದ್ದಾರೆ, ಪಾಠ ಇನ್ನೂ ಉದ್ದ ಅಂತೆ.

ನೀನು ಕೇಳಿದ್ದಕ್ಕೆ. ನೋಡಿದೆ.

ಸಂಖ್ಯಾಶಾಸ್ತ್ರ ವಿಭಾಗ ಮೇಲಿನ ಮಹಡಿ. ಹೋಗಬೇಕು ಅಂತ ಎಷ್ಟೋ ಸಲ ಅಂದುಕೊಂಡು ಮೆಟ್ಟಿಲವರೆಗೆ ಹೋಗಿ ವಾಪಸ್ ಬಂದಿದ್ದೆ. ಹೋದ ಶುಕ್ರವಾರ ಹತ್ತಿದೆ. ಕಾರಿಡಾರಿನಲ್ಲಿ ಕಿಟಕಿಯ ಪಕ್ಕ ಒಬ್ಬಳೇ ನಿಂತು ಏನೋ ಓದುತ್ತಿದ್ದಳು. ನನ್ನನ್ನು ಕಂಡು ಪುಸ್ತಕ ಮುಚ್ಚಿದಳು. ನಾನು ಹೇಳಬೇಕಾದ್ದನ್ನು ಹೇಳಿದೆ. ನೀನು ಕೇಳಿದ್ದು ನ್ಯಾಯವಾಗಿತ್ತು, ನಾನು ಆಗಲ್ಲ ಅಂದದ್ದು ತಪ್ಪು ಅಂದೆ. ಈಗ ನಮ್ಮ ಕ್ಲಾಸಿನಲ್ಲಿ ಯಾರು ಬೇಕಾದರೂ ಬರೆದು ಕೊಡಬಹುದು, ವಾಪಸ್ ಬಾ, ಪ್ರಿನ್ಸಿಪಾಲರ ಹತ್ತಿರ ನಾನು ಮಾತಾಡುತ್ತೇನೆ ಅಂದೆ.

ಅವಳು ಚೀಲಕ್ಕೆ ಕೈ ಹಾಕಿ ಪೆನ್ನು ತೆಗೆದಳು. ಚೀಟಿ ಬರೆಯುತ್ತಾಳೆ ಅಂದುಕೊಂಡೆ.  ನನ್ನ ಕಿವಿಯಲ್ಲಿದ್ದ ಮಷೀನು ನೋಡಿದಳು. ಪೆನ್ನನ್ನು ವಾಪಸ್ ಚೀಲಕ್ಕೆ ಹಾಕಿ, ನನ್ನ ಎದುರಿಗೆ ಬಂದು, ಬೆಳಕು ಮುಖದ ಮೇಲೆ ಬೀಳುವ ಹಾಗೆ ತಿರುಗಿ ನಿಂತಳು.

ಮಾತು ಶುರುವಾಗುವುದಕ್ಕೇ ಹೊತ್ತು ಹಿಡಿಯಿತು. ಮೊದಲ ಅಕ್ಷರದಲ್ಲೇ ತುಟಿ ಸಿಕ್ಕಿಕೊಂಡಿತು. ಹಿಂದೆ ಯಾರೋ ಓಡಿಹೋದರು, ಎಲ್ಲೋ ಗಂಟೆ ಹೊಡೆಯಿತು. ನಾನು ತಲೆ ಆಡಿಸಲಿಲ್ಲ. ಅವಳ ಪರವಾಗಿ ಪದ ತುಂಬಲಿಲ್ಲ. ಅವಳ ಬಾಯನ್ನೇ ನೋಡುತ್ತಾ ನಿಂತಿದ್ದೆ. ಅವಳು ಒಂದೊಂದೇ ಪದವನ್ನು ದಾಟಿಕೊಂಡು ಕೊನೆಗೆ ಮುಟ್ಟಿದಳು.

"ನಾನು ವಾಪಸ್ ಬರಲ್ಲ ಮೇಡಂ. ನನಗೆ ಇಲ್ಲಿ ಚೆನ್ನಾಗಿದೆ."

ಪೂರ್ತಿ ಕೇಳಿಸಿಕೊಂಡೆ ಚೂಟಿ. ಒಂದು ಅಕ್ಷರವೂ ಬಿಡದೆ.

ನಿನ್ನ
ಅಮ್ಮ